ಅಮೆರಿಕದ ಮಾಜಿ ಸೈನಿಕರ ಗೃಹಸಾಲ ಖಾತರಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸೇನಾಸೇವೆ ಸಲ್ಲಿಸಿದವರು ಮನೆ ಕೊಳ್ಳಲು ಬ್ಯಾಂಕುಗಳಿಂದ ಪಡೆಯುವ ಸಾಲಕ್ಕೆ ಒಕ್ಕೂಟ ಸರ್ಕಾರ ಭಾಗಶಃ ಜಾಮೀನು ನಿಲ್ಲುವ ವ್ಯವಸ್ಥೆ. 1944ರ ಸೈನಿಕರ ಪುನರ್ವಸತಿ ಕಾಯಿದೆಯಿಂದ ಹುಟ್ಟಿದ ಈ ಯೋಜನೆಯನ್ನು ಈಗ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆ ನಡೆಸುತ್ತದೆ. ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಜನ ಇದನ್ನು 'ವಿಎ ಲೋನ್' ಎನ್ನುತ್ತಾರೆ. ಮನೆಯ ಬೆಲೆಯ ಒಂದು ಪಾಲನ್ನು ಕೈಯಿಂದ ಹಾಕದೆ, ಅಂದರೆ ಡೌನ್ ಪೇಮೆಂಟ್ ಇಲ್ಲದೆ, ಪೂರ್ತಿ ಬೆಲೆಗೆ ಸಾಲ ಸಿಗುವುದು ಇದರ ಮುಖ್ಯ ಅನುಕೂಲ. ಆರಂಭದಿಂದ ಇಂದಿನವರೆಗೆ ಎರಡೂವರೆ ಕೋಟಿಗೂ ಹೆಚ್ಚು ಸಾಲಗಳಿಗೆ ಈ ಖಾತರಿ ದೊರೆತಿದೆ. ಅಮೆರಿಕದ ಮಧ್ಯಮವರ್ಗವನ್ನು ರೂಪಿಸಿದ ದೊಡ್ಡ ಶಕ್ತಿಗಳಲ್ಲಿ ಇದೂ ಒಂದು. ಕಾಗದದ ಮೇಲೆ ಎಲ್ಲರಿಗೂ ಸಲ್ಲಬೇಕಾದ ಹಕ್ಕು ಜಾರಿ ಮಾಡುವವರ ಕೈಯಲ್ಲಿ ಕೆಲವರಿಗೆ ಮಾತ್ರ ಸಲ್ಲುವುದು ಹೇಗೆ ಎಂಬುದನ್ನೂ ಇದೇ ಯೋಜನೆಯ ಚರಿತ್ರೆ ತೋರಿಸಿಕೊಡುತ್ತದೆ.

ಹಿನ್ನೆಲೆ

ಮೊದಲ ಮಹಾಯುದ್ಧದಿಂದ ಮರಳಿದ ಅಮೆರಿಕದ ಸೈನಿಕರಿಗೆ ಮನೆ ಸೇರಿದ ಮೇಲೆ ಹೇಳಿಕೊಳ್ಳುವಂಥ ನೆರವು ಸಿಗಲಿಲ್ಲ. 1924ರ ಕಾಯಿದೆ ಅವರಿಗೆ ಬೋನಸ್ ಪತ್ರಗಳನ್ನು ಕೊಟ್ಟಿತು. ಆದರೆ ಹಣ ಕೈಸೇರಲು 1945ರವರೆಗೆ ಕಾಯಬೇಕಿತ್ತು. ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತ ಬಂದೆರಗಿತು. 1932ರ ಬೇಸಿಗೆಯಲ್ಲಿ ಕೆಲಸವಿಲ್ಲದ ಸಾವಿರಾರು ಮಾಜಿ ಸೈನಿಕರು ಹೆಂಡತಿ ಮಕ್ಕಳೊಡನೆ ವಾಷಿಂಗ್ಟನ್ನಿಗೆ ಬಂದು, ಅನಕೋಸ್ಟಿಯಾ ನದಿಯ ಬಯಲಿನಲ್ಲಿ ಹಲಗೆ, ತಗಡು, ರಟ್ಟುಗಳ ಗುಡಿಸಲು ಹಾಕಿಕೊಂಡು ಬೋನಸ್ ಹಣ ಈಗಲೇ ಕೊಡಿ ಎಂದು ಕೂತರು. ಜುಲೈ 28ರಂದು ಜನರಲ್ ಡಗ್ಲಸ್ ಮೆಕಾರ್ಥರ್ ನೇತೃತ್ವದ ಪಡೆ ಅಶ್ರುವಾಯು ಹಾರಿಸಿ ಅವರನ್ನು ಓಡಿಸಿತು. ಗುಡಿಸಲುಗಳು ಸುಟ್ಟುಹೋದವು. ದೇಶಕ್ಕಾಗಿ ಹೋರಾಡಿದವರ ಮೇಲೆ ದೇಶದ ಸೇನೆಯೇ ಏರಿಹೋದ ಆ ದಿನ ಅಮೆರಿಕದ ರಾಜಕಾರಣಿಗಳ ಮನಸ್ಸಿನಲ್ಲಿ ಬಹುಕಾಲ ಉಳಿಯಿತು.

ಎರಡನೆಯ ಮಹಾಯುದ್ಧದಲ್ಲಿ ಸುಮಾರು 1.6 ಕೋಟಿ ಅಮೆರಿಕನ್ನರು ಸಮವಸ್ತ್ರ ತೊಟ್ಟರು. ಇಷ್ಟು ಜನ ಒಮ್ಮೆಗೇ ಮನೆಗೆ ಮರಳಿದರೆ ನಿರುದ್ಯೋಗವೂ ಅಶಾಂತಿಯೂ ಮತ್ತೆ ತಲೆಯೆತ್ತಬಹುದೆಂಬ ಭಯವಿತ್ತು. ಯುದ್ಧ ಮುಗಿಯುವ ಮೊದಲೇ ಅವರ ಓದು, ಉದ್ಯೋಗ, ವಸತಿಗಳಿಗೆ ದಾರಿ ಮಾಡಿಡಬೇಕೆಂದು ಮಾಜಿ ಸೈನಿಕರ ಸಂಘಟನೆಯಾದ ಅಮೆರಿಕನ್ ಲೀಜನ್ ಪಟ್ಟುಹಿಡಿಯಿತು. ಅದರ ಮಾಜಿ ಅಧ್ಯಕ್ಷ, ಕ್ಯಾನ್ಸಸ್‌ನ ವಕೀಲ ಹ್ಯಾರಿ ಕಾಲ್ಮರಿ ವಾಷಿಂಗ್ಟನ್ನಿನ ಮೇಫ್ಲವರ್ ಹೋಟೆಲಿನ ಕಾಗದದ ಮೇಲೆ ಮಸೂದೆಯ ಮೊದಲ ಕರಡನ್ನು ಕೈಯಾರೆ ಬರೆದರು.

1944ರ ಕಾಯಿದೆ

ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1944ರ ಜೂನ್ 22ರಂದು ಅಂಕಿತ ಹಾಕಿದ ಈ ಕಾಯಿದೆ 'ಜಿಐ ಬಿಲ್' ಎಂದೇ ಮನೆಮಾತಾಯಿತು. ಕಾಲೇಜು ಓದಿಗೆ ನೆರವು, ನಿರುದ್ಯೋಗ ಭತ್ಯೆಗಳ ಜೊತೆಗೆ ಮನೆ, ಜಮೀನು, ಸ್ವಂತ ಉದ್ಯಮಗಳಿಗೆ ಪಡೆಯುವ ಸಾಲದ ಖಾತರಿಯೂ ಅದರಲ್ಲಿತ್ತು. ಸರ್ಕಾರ ತಾನೇ ಸಾಲ ಕೊಡುತ್ತಿರಲಿಲ್ಲ. ಸಾಲ ಬ್ಯಾಂಕಿನದು, ಅದರ ಅರ್ಧದಷ್ಟಕ್ಕೆ, 2,000 ಡಾಲರ್ ಮೀರದಂತೆ, ಜಾಮೀನು ಸರ್ಕಾರದ್ದು. ಬಡ್ಡಿ ಶೇ. 4ನ್ನು ದಾಟುವಂತಿರಲಿಲ್ಲ. ತೀರಿಸಲು 20 ವರ್ಷದ ಅವಧಿಯಿತ್ತು.

ಆರಂಭದಲ್ಲಿ ಇದು ಕುಂಟಿತು. ಮನೆಯ ಬೆಲೆ 'ಸಾಮಾನ್ಯ ಕಾಲದ ನ್ಯಾಯವಾದ ಬೆಲೆ'ಯನ್ನು ಮೀರಬಾರದೆಂಬ ಷರತ್ತಿತ್ತು. ಯುದ್ಧದ ನಂತರ ಬೆಲೆಗಳು ಏರಿದ್ದರೂ ಮೌಲ್ಯಮಾಪಕರು ಯುದ್ಧಪೂರ್ವದ ಬೆಲೆಯನ್ನೇ ಹಿಡಿದು ಕೂತರು. ಹೀಗಾಗಿ ಮಾಜಿ ಸೈನಿಕ ಕೊಳ್ಳಬಯಸಿದ ಮನೆಗೆ ಸಾಲ ಮಂಜೂರಾಗುತ್ತಿರಲಿಲ್ಲ. 1945ರ ಡಿಸೆಂಬರಿನ ತಿದ್ದುಪಡಿ ಆ ಮಾತನ್ನು ಸಡಿಲಿಸಿ, ಖಾತರಿಯನ್ನು 4,000 ಡಾಲರಿಗೂ ಅವಧಿಯನ್ನು 25 ವರ್ಷಕ್ಕೂ ಏರಿಸಿತು. 1950ರಲ್ಲಿ ಖಾತರಿ ಸಾಲದ ಶೇ. 60ರವರೆಗೆ, ಗರಿಷ್ಠ 7,500 ಡಾಲರಿಗೆ ಏರಿತು. ಅವಧಿ 30 ವರ್ಷವಾಯಿತು. ಬ್ಯಾಂಕುಗಳು ಕಾಲಿಡದ ಹಳ್ಳಿಗಾಡಿನಲ್ಲಿ ಸರ್ಕಾರವೇ ನೇರ ಸಾಲ ಕೊಡುವ ಏರ್ಪಾಡೂ ಅದೇ ವರ್ಷ ಬಂತು.

ಯುದ್ಧಾನಂತರದ ವಸತಿ

ಸಾಲಕ್ಕೆ ಜಾಮೀನು ಸಿಕ್ಕಿತು. ಕೊಳ್ಳಲು ಮನೆಗಳೇ ಇರಲಿಲ್ಲ. ಕುಸಿತದ ದಶಕದಲ್ಲಿಯೂ ಯುದ್ಧದ ವರ್ಷಗಳಲ್ಲಿಯೂ ಮನೆ ಕಟ್ಟುವ ಕೆಲಸ ಬಹುಮಟ್ಟಿಗೆ ನಿಂತುಹೋಗಿತ್ತು. ಮರಳಿದ ಸೈನಿಕರು ಅಪ್ಪ ಅಮ್ಮನ ಮನೆಯ ಒಂದು ಕೋಣೆಯಲ್ಲೋ ಅತ್ತೆ ಮಾವನ ಮನೆಯಲ್ಲೋ ಸಂಸಾರ ಹೂಡಿದರು. ಶಿಕಾಗೋದಲ್ಲಿ ಹಳೆಯ ಟ್ರಾಂ ಬಂಡಿಗಳನ್ನು ವಾಸಕ್ಕೆಂದು ಮಾರಾಟಕ್ಕಿಡಲಾಯಿತು. ಲಾಸ್ ಏಂಜಲೀಸ್ ನಗರ 1946ರ ಏಪ್ರಿಲ್‌ನಲ್ಲಿ ಗ್ರಿಫಿತ್ ಪಾರ್ಕಿನಲ್ಲಿ ರಾಜರ್ ಯಂಗ್ ವಿಲೇಜ್ ಎಂಬ ತಾತ್ಕಾಲಿಕ ಊರನ್ನೇ ಎಬ್ಬಿಸಿತು. ಸೇನೆ ಬಳಸುತ್ತಿದ್ದ ಅರ್ಧ ಉರುಳೆಯಾಕಾರದ 750 ತಗಡಿನ ಗುಡಾರಗಳ ನಡುವೆ ಗೋಡೆ ಹಾಕಿ, ಒಂದೊಂದರಲ್ಲಿ ಎರಡೆರಡು ಕುಟುಂಬಗಳಂತೆ 1,500 ಮನೆಗಳನ್ನು ಮಾಡಿತು.

ಈ ಬರವನ್ನು ನೀಗಿದ್ದು ಸಾಮೂಹಿಕ ಗೃಹನಿರ್ಮಾಣ. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ ಲೆವಿಟ್ ಮತ್ತು ಮಕ್ಕಳ ಸಂಸ್ಥೆ 1947ರಲ್ಲಿ ಆರಂಭಿಸಿದ ಲೆವಿಟೌನ್ ಇದರ ಹೆಸರಾಂತ ಉದಾಹರಣೆ. ಮನೆ ಕಟ್ಟುವ ಕೆಲಸವನ್ನು ಇಪ್ಪತ್ತಾರು ಇಪ್ಪತ್ತೇಳು ಹಂತಗಳಾಗಿ ಒಡೆದು, ಒಂದೊಂದು ತಂಡ ಒಂದೊಂದೇ ಕೆಲಸ ಮಾಡುತ್ತ ಮನೆಯಿಂದ ಮನೆಗೆ ಸಾಗುತ್ತಿತ್ತು. ಕೆಲಸ ಭರದಿಂದ ಸಾಗಿದಾಗ ದಿನಕ್ಕೆ ಮೂವತ್ತಕ್ಕೂ ಹೆಚ್ಚು ಮನೆಗಳು ಮುಗಿಯುತ್ತಿದ್ದವು. ಕೆಲವೇ ವರ್ಷಗಳಲ್ಲಿ 17,000ಕ್ಕೂ ಹೆಚ್ಚು ಮನೆಗಳು ಎದ್ದವು. 1949ರ ಮಾದರಿಯ ಬೆಲೆ 7,990 ಡಾಲರ್. ವಿಎ ಖಾತರಿಯಿದ್ದ ಮಾಜಿ ಸೈನಿಕ ಕೈಯಿಂದ ಏನೂ ಹಾಕದೆ ಅಂಥ ಮನೆಗೆ ಒಡೆಯನಾಗಬಹುದಿತ್ತು.

1944ರಿಂದ 1952ರ ನಡುವೆ ಸುಮಾರು 24 ಲಕ್ಷ ಗೃಹಸಾಲಗಳಿಗೆ ಖಾತರಿ ಸಿಕ್ಕಿತು. ಸ್ವಂತ ಮನೆಯಲ್ಲಿರುವ ಅಮೆರಿಕದ ಕುಟುಂಬಗಳ ಪ್ರಮಾಣ 1940ರಲ್ಲಿ ಶೇ. 43.6 ಇದ್ದದ್ದು 1960ರ ಹೊತ್ತಿಗೆ ಶೇ. 61.9ಕ್ಕೆ ಏರಿತು. ಈ ಏರಿಕೆಗೆ ಸಂಬಳದ ಹೆಚ್ಚಳ, ಒಕ್ಕೂಟ ವಸತಿ ಆಡಳಿತದ ಸಾಲವಿಮೆ, ಹೊಸ ಹೆದ್ದಾರಿಗಳು ಎಲ್ಲವೂ ಕಾರಣ. ಅವುಗಳ ಸಾಲಿನಲ್ಲಿ ವಿಎ ಖಾತರಿಗೆ ಮುಖ್ಯ ಸ್ಥಾನವಿದೆ.

ವರ್ಣಭೇದ ಮತ್ತು ಹೊರಗುಳಿದವರು

ಕಾಯಿದೆಯ ಪಠ್ಯದಲ್ಲಿ ಬಣ್ಣದ ಮಾತೇ ಇಲ್ಲ. ಆದರೆ ಸಾಲ ಕೊಡುವುದು ಬಿಡುವುದು ಊರಿನ ಬ್ಯಾಂಕಿನ ಮರ್ಜಿ. ಮನೆ ಮಾರುವುದು ಬಿಡುವುದು ಊರಿನ ಬಿಲ್ಡರನ ಮರ್ಜಿ. ಮಾಜಿ ಸೈನಿಕರ ಕಾನೂನುಗಳ ಸದನ ಸಮಿತಿಯ ಅಧ್ಯಕ್ಷರಾಗಿದ್ದ ಮಿಸಿಸಿಪಿಯ ಜಾನ್ ರಾಂಕಿನ್ ವರ್ಣಭೇದದ ಕಟ್ಟಾ ಬೆಂಬಲಿಗರು. ಜಾರಿಯ ಅಧಿಕಾರ ಸ್ಥಳೀಯರ ಕೈಯಲ್ಲೇ ಉಳಿಯಬೇಕೆಂದು ಅವರು ಪಟ್ಟುಹಿಡಿದರು. ಅದರ ಫಲ ಬೇಗನೆ ಕಂಡಿತು. 1947ರಲ್ಲಿ ಮಿಸಿಸಿಪಿಯ ನಗರಗಳಲ್ಲಿ ನಡೆದ ಸಮೀಕ್ಷೆಯೊಂದರ ಪ್ರಕಾರ ಮನೆ, ಉದ್ಯಮ, ಜಮೀನುಗಳಿಗೆ ದೊರೆತ 3,229 ಖಾತರಿ ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಂದದ್ದು ಎರಡೇ ಎರಡು. ಇತಿಹಾಸಕಾರ ಐರಾ ಕ್ಯಾಟ್ಸ್‌ನೆಲ್ಸನ್ 2005ರ ತಮ್ಮ ಕೃತಿಯಲ್ಲಿ ಈ ಅಂಕಿಗಳನ್ನು ಮತ್ತೆ ಜನರ ಮುಂದಿಟ್ಟರು.

ಉತ್ತರದ ರಾಜ್ಯಗಳಲ್ಲಿಯೂ ಸ್ಥಿತಿ ಬಹಳ ಬೇರೆಯಿರಲಿಲ್ಲ. ಲೆವಿಟೌನಿನ ಆರಂಭದ ಕರಾರು ಪತ್ರಗಳಲ್ಲಿ ಬಿಳಿಯರಲ್ಲದವರು ಆ ಮನೆಗಳಲ್ಲಿ ವಾಸಿಸಬಾರದೆಂದು ಬರೆದಿತ್ತು. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡಕೂಡದೆಂದು 1948ರಲ್ಲಿ ಶೆಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತರೂ ಬಿಲ್ಡರುಗಳು ತಮ್ಮ ರೂಢಿಯನ್ನು ಬಿಡಲಿಲ್ಲ. 1957ರಲ್ಲಿ, ಅದೇ ಸಂಸ್ಥೆ ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಇನ್ನೊಂದು ಲೆವಿಟೌನಿಗೆ ವಿಲಿಯಂ ಮತ್ತು ಡೇಸಿ ಮೈಯರ್ಸ್ ದಂಪತಿ ಬಂದು ನೆಲೆಸಿದರು. ಆ ಊರಿನ ಮೊದಲ ಕಪ್ಪು ಕುಟುಂಬ ಅವರದು; ವಿಲಿಯಂ ಎರಡನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ್ದವರು. ಮನೆಯ ಮುಂದೆ ದಿನಗಟ್ಟಲೆ ಗುಂಪುಗೂಡಿ ಕೂಗಾಡಿದವರು ಕಿಟಕಿಗಳಿಗೆ ಕಲ್ಲು ತೂರಿದರು. ಬೆದರಿಕೆಗಳಿಗೆ ಅಂಜದೆ ದಂಪತಿ ಅಲ್ಲೇ ಉಳಿದರು.

ಸೇನೆಯ ಬಿಡುಗಡೆ ಪತ್ರದ ಬಣ್ಣವೂ ಹಲವರನ್ನು ಹೊರಗಿಟ್ಟಿತು. ಗೌರವದ ಬಿಡುಗಡೆಯೂ ಅಲ್ಲದ, ಅಪರಾಧದ ಬಿಡುಗಡೆಯೂ ಅಲ್ಲದ 'ನೀಲಿ ಪತ್ರ'ವನ್ನು ಕಪ್ಪು ಸೈನಿಕರಿಗೂ ಸಲಿಂಗಿಗಳೆಂದು ಶಂಕಿಸಲ್ಪಟ್ಟವರಿಗೂ ಹೆಚ್ಚಾಗಿ ಕೊಡಲಾಗಿತ್ತು. ಅದನ್ನು ಹಿಡಿದು ಬಂದವರಿಗೆ ಜಿಐ ಬಿಲ್ಲಿನ ಸವಲತ್ತುಗಳು ಸಾಮಾನ್ಯವಾಗಿ ದಕ್ಕಲಿಲ್ಲ.

1968ರ ನ್ಯಾಯಯುತ ವಸತಿ ಕಾಯಿದೆ ಮನೆ ಮಾರಾಟದಲ್ಲಿ, 1976ರಲ್ಲಿ ತಿದ್ದುಪಡಿಯಾದ ಸಮಾನ ಸಾಲಾವಕಾಶ ಕಾಯಿದೆ ಸಾಲ ನೀಡಿಕೆಯಲ್ಲಿ ವರ್ಣ ತಾರತಮ್ಯವನ್ನು ನಿಷೇಧಿಸಿದವು. ಅಷ್ಟರಲ್ಲಿ ಒಂದು ಇಡೀ ತಲೆಮಾರಿನ ಅವಕಾಶ ಕೈಜಾರಿತ್ತು. ಅಮೆರಿಕದ ಸಾಮಾನ್ಯ ಕುಟುಂಬಕ್ಕೆ ಮನೆಯೇ ಮುಖ್ಯ ಆಸ್ತಿ. ಮಕ್ಕಳ ಓದಿಗೆ, ವೃದ್ಧಾಪ್ಯಕ್ಕೆ, ಮುಂದಿನವರ ಪಿತ್ರಾರ್ಜಿತಕ್ಕೆ ಅದೇ ಮೂಲ. ಇಂದು ಬಿಳಿಯ ಕುಟುಂಬಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಸ್ವಂತ ಮನೆಯಲ್ಲಿದ್ದರೆ, ಕಪ್ಪು ಕುಟುಂಬಗಳಲ್ಲಿ ಆ ಪ್ರಮಾಣ ಅರ್ಧವನ್ನೂ ಮುಟ್ಟಿಲ್ಲ. ಈ ಅಂತರದ ಬೇರುಗಳಲ್ಲಿ ಒಂದು 1940ರ ದಶಕದ ಬ್ಯಾಂಕ್ ಕೌಂಟರುಗಳಲ್ಲಿದೆ.

ಯೋಜನೆಯ ವಿಸ್ತರಣೆ

1952ರಲ್ಲಿ ಕೊರಿಯಾ ಯುದ್ಧದವರಿಗೂ 1966ರಲ್ಲಿ ಯುದ್ಧವಿಲ್ಲದ ಕಾಲದಲ್ಲಿ ಸೇವೆ ಸಲ್ಲಿಸಿದವರಿಗೂ ಸವಲತ್ತು ದೊರೆಯಿತು. ಇಂತಿಷ್ಟು ವರ್ಷದೊಳಗೆ ಬಳಸಬೇಕೆಂಬ ಗಡುವನ್ನು 1970ರಲ್ಲಿ ತೆಗೆದುಹಾಕಲಾಯಿತು. 1992ರ ತಿದ್ದುಪಡಿ ಮೀಸಲು ಪಡೆ ಹಾಗೂ ನ್ಯಾಷನಲ್ ಗಾರ್ಡ್‌ನವರನ್ನು ಒಳಗೊಂಡಿತು. ಬಡ್ಡಿದರವನ್ನು ಸರ್ಕಾರ ಗೊತ್ತುಮಾಡುವ ಪದ್ಧತಿಯನ್ನು ಬಿಟ್ಟು, ಸಾಲಗಾರ ಮತ್ತು ಬ್ಯಾಂಕು ಮಾತಾಡಿಕೊಳ್ಳಲು ಅವಕಾಶ ಕೊಟ್ಟಿತು. ಮೂಲನಿವಾಸಿ ಅಮೆರಿಕನ್ನರ ಬುಡಕಟ್ಟು ಭೂಮಿಯನ್ನು ಅಡವಿಡಲು ಬಾರದಿದ್ದುದರಿಂದ ಬ್ಯಾಂಕುಗಳು ಅಲ್ಲಿ ಸಾಲ ಕೊಡುತ್ತಿರಲಿಲ್ಲ. ಅಂಥವರಿಗೆ ಇಲಾಖೆಯೇ ನೇರವಾಗಿ ಸಾಲ ಕೊಡುವ ಯೋಜನೆಯೂ 1992ರದು. 2019ರ ಜೂನ್ 25ರಂದು ಅಂಕಿತ ಬಿದ್ದ 'ಬ್ಲೂ ವಾಟರ್ ನೇವಿ' ಕಾಯಿದೆ 2020ರ ಜನವರಿ 1ರಿಂದ ಪೂರ್ಣ ಅರ್ಹತೆಯುಳ್ಳವರಿಗೆ ಸಾಲದ ಮೊತ್ತದ ಮಿತಿಯನ್ನು ತೆಗೆಯಿತು. ದುಬಾರಿ ನಗರಗಳಲ್ಲಿ ಮನೆ ಹುಡುಕುವವರಿಗೆ ಇದರಿಂದ ದೊಡ್ಡ ಅನುಕೂಲವಾಯಿತು.

ಅರ್ಹತೆ

ಯುದ್ಧಕಾಲದಲ್ಲಿ 90 ದಿನ, ಶಾಂತಿಕಾಲದಲ್ಲಿ 181 ದಿನ ಪೂರ್ಣಾವಧಿ ಸೇವೆ ಸಲ್ಲಿಸಿರಬೇಕೆಂಬುದು ಹಳೆಯ ತಲೆಮಾರಿನವರಿಗೆ ಅನ್ವಯಿಸುವ ಅಳತೆ. 1980ರ ದಶಕದ ಆರಂಭದಿಂದೀಚೆಗೆ ಸೇರಿದವರಿಗೆ ಸಾಮಾನ್ಯವಾಗಿ 24 ತಿಂಗಳು ಅಥವಾ ಕರೆಸಿಕೊಂಡ ಅವಧಿ ಪೂರ್ತಿ ಎಂಬ ನಿಯಮವಿದೆ. ಈಗ ಸೇವೆಯಲ್ಲಿರುವವರಿಗೆ ಸತತ 90 ದಿನ ಸಾಕು. ಮೀಸಲು ಪಡೆ ಹಾಗೂ ಗಾರ್ಡ್‌ನವರಿಗೆ ಆರು ವರ್ಷದ ಸೇವೆ ಒಂದು ದಾರಿ. ಸೇವೆಯಲ್ಲಿ ಅಥವಾ ಸೇವೆಯಿಂದಾದ ಕಾಯಿಲೆ, ಗಾಯಗಳಿಂದ ಮಡಿದವರ ಪತ್ನಿ ಅಥವಾ ಪತಿಯೂ ಅರ್ಹರು.

ಅರ್ಜಿದಾರರು ಮೊದಲು ಅರ್ಹತಾ ಪತ್ರ ಪಡೆಯಬೇಕು. ಸೇವೆಯಿಂದ ಹೊರಬಂದವರಿಗೆ ಅದಕ್ಕೆ ಮುಖ್ಯ ಆಧಾರ ಡಿಡಿ 214 ಎಂಬ ಬಿಡುಗಡೆ ಪತ್ರ. ಅಗೌರವದ ಬಿಡುಗಡೆಯಾದವರಿಗೆ ಸವಲತ್ತಿಲ್ಲ. ನಡುವಣ ದರ್ಜೆಯ ಬಿಡುಗಡೆಗಳನ್ನು ಇಲಾಖೆ ಒಂದೊಂದಾಗಿ ಪರಿಶೀಲಿಸುತ್ತದೆ. ಗ್ರೀನ್ ಕಾರ್ಡ್ ಇರುವವರೂ ಅಮೆರಿಕದ ಸೇನೆ ಸೇರಬಹುದಾದ್ದರಿಂದ ಇಲ್ಲಿ ಅಳತೆಗೋಲು ಸೇವೆಯೇ ಹೊರತು ಹುಟ್ಟಿದ ನೆಲವಲ್ಲ. ಭಾರತದಿಂದ ವಲಸೆ ಹೋದ ಕನ್ನಡ ಕುಟುಂಬಗಳ ಮಕ್ಕಳೂ ಸೇನೆ ಸೇರಿದರೆ ಇದೇ ಹಕ್ಕು ಪಡೆಯುತ್ತಾರೆ.

ಖಾತರಿಯ ಕಾರ್ಯವಿಧಾನ

1,44,000 ಡಾಲರಿಗಿಂತ ದೊಡ್ಡ ಸಾಲಗಳಲ್ಲಿ ಇಲಾಖೆಯ ಖಾತರಿ ಸಾಲದ ಶೇ. 25. ಸಾಲಗಾರ ಕೈಚೆಲ್ಲಿ, ಮನೆ ಹರಾಜಾಗಿ, ಬ್ಯಾಂಕಿಗೆ ನಷ್ಟವಾದರೆ ಆ ಮಿತಿಯೊಳಗೆ ಇಲಾಖೆ ತುಂಬಿಕೊಡುತ್ತದೆ. ಸಾಮಾನ್ಯ ಗೃಹಸಾಲದಲ್ಲಿ ಬ್ಯಾಂಕಿಗೆ ಧೈರ್ಯ ಕೊಡುವುದು ಕೊಳ್ಳುವವರು ಕೈಯಿಂದ ಹಾಕುವ ಹಣ. ಅದು ಬೆಲೆಯ ಶೇ. 20ಕ್ಕಿಂತ ಕಡಿಮೆಯಾದರೆ ಬ್ಯಾಂಕುಗಳು ಖಾಸಗಿ ಸಾಲವಿಮೆ ಮಾಡಿಸಿ, ಅದರ ಕಂತನ್ನು ಸಾಲಗಾರರ ಮೇಲೆಯೇ ಹೇರುತ್ತವೆ. ವಿಎ ಸಾಲದಲ್ಲಿ ಸರ್ಕಾರದ ಖಾತರಿಯೇ ಆ ಧೈರ್ಯ ಕೊಡುವುದರಿಂದ ಕೈಹಣವೂ ಬೇಕಿಲ್ಲ, ತಿಂಗಳ ವಿಮಾಕಂತೂ ಇಲ್ಲ. ಬ್ಯಾಂಕುಗಳು ಇಂಥ ಸಾಲಗಳನ್ನು ಒಟ್ಟುಗೂಡಿಸಿ, 1968ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಜಿನ್ನಿ ಮೇಯ ಖಾತರಿಯುಳ್ಳ ಸಾಲಪತ್ರಗಳಾಗಿ ಮಾರುತ್ತವೆ. ಆ ಹಣ ಮತ್ತೆ ಬ್ಯಾಂಕಿಗೆ ಬರುವುದರಿಂದ ಬಡ್ಡಿದರವೂ ತುಸು ಕಡಿಮೆಯಿರುತ್ತದೆ.

ಯೋಜನೆಯ ಖರ್ಚನ್ನು ಬಹುಮಟ್ಟಿಗೆ ಭರಿಸುವುದು ಸಾಲಗಾರರು ಒಮ್ಮೆ ಕಟ್ಟುವ ನಿಧಿ ಶುಲ್ಕ. 2023ರ ಏಪ್ರಿಲ್ 7ರಿಂದ ಜಾರಿಯಲ್ಲಿರುವ ದರದಂತೆ ಕೈಹಣವಿಲ್ಲದೆ ಮೊದಲ ಬಾರಿ ಸಾಲ ಪಡೆಯುವವರಿಗೆ ಸಾಲದ ಶೇ. 2.15, ಮತ್ತೆ ಪಡೆಯುವವರಿಗೆ ಶೇ. 3.3. ಕೈಯಿಂದ ಶೇ. 5 ಹಾಕಿದರೆ ಶುಲ್ಕ ಶೇ. 1.5ಕ್ಕೂ ಶೇ. 10 ಹಾಕಿದರೆ ಶೇ. 1.25ಕ್ಕೂ ಇಳಿಯುತ್ತದೆ. ಸೇವೆಯಿಂದಾದ ಅಂಗವೈಕಲ್ಯಕ್ಕೆ ಪರಿಹಾರ ಪಡೆಯುವವರಿಗೆ ಶುಲ್ಕ ಪೂರ್ತಿ ಮಾಫಿ.

ಸಾಲ ತೀರಿಸುವ ಶಕ್ತಿಯನ್ನು ಅಳೆಯುವ ಬಗೆಯಲ್ಲಿ ಈ ಯೋಜನೆಗೆ ತನ್ನದೇ ವೈಶಿಷ್ಟ್ಯವಿದೆ. ತಿಂಗಳ ಆದಾಯದಲ್ಲಿ ಎಲ್ಲ ಕಂತುಗಳೂ ಸೇರಿ ಶೇ. 41 ಮೀರಬಾರದೆಂಬುದು ಒಂದು ಅಳತೆ. ಅದಕ್ಕಿಂತ ಮುಖ್ಯವಾದದ್ದು ಉಳಿಕೆ ಆದಾಯ: ತೆರಿಗೆ, ಕಂತು, ಮನೆಯ ನಿರ್ವಹಣೆ ಎಲ್ಲ ಕಳೆದ ಮೇಲೆ ಊಟ, ಬಟ್ಟೆ, ಔಷಧಿ, ಪೆಟ್ರೋಲಿಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ. ಕುಟುಂಬದ ಗಾತ್ರ ಮತ್ತು ಪ್ರದೇಶಕ್ಕೆ ತಕ್ಕಂತೆ ಇದಕ್ಕೆ ಕೋಷ್ಟಕವಿದೆ. ದಕ್ಷಿಣದ ರಾಜ್ಯಗಳಲ್ಲಿ ನಾಲ್ವರ ಸಂಸಾರಕ್ಕೆ ತಿಂಗಳಿಗೆ 1,003 ಡಾಲರ್, ಪಶ್ಚಿಮದಲ್ಲಿ 1,117 ಡಾಲರ್ ಉಳಿಯಲೇಬೇಕು.

ಒಂದು ಮಾದರಿ ಲೆಕ್ಕ

ಫೋರ್ಟ್ ಬ್ರ್ಯಾಗ್ ಸೇನಾನೆಲೆಯ ಪಕ್ಕದ ನಾರ್ತ್ ಕ್ಯಾರೊಲಿನಾದ ಫಯೆಟ್‌ವಿಲ್‌ನಂಥ ಊರಿನಲ್ಲಿ ನಾಲ್ವರ ಕುಟುಂಬವೊಂದು 3,50,000 ಡಾಲರಿನ, 1,800 ಚದರಡಿಯ ಮನೆ ಕೊಳ್ಳುತ್ತದೆಂದು ಭಾವಿಸೋಣ. ಸಾಮಾನ್ಯ ಸಾಲದಲ್ಲಿ ವಿಮೆಯ ಕಂತನ್ನು ತಪ್ಪಿಸಿಕೊಳ್ಳಲು ಕೈಯಿಂದ 70,000 ಡಾಲರ್ ಹಾಕಬೇಕು. ವಿಎ ಸಾಲದಲ್ಲಿ ಅದು ಸೊನ್ನೆ. ನಿಧಿ ಶುಲ್ಕ ಶೇ. 2.15ರಂತೆ 7,525 ಡಾಲರ್. ಅದನ್ನು ಸಾಲಕ್ಕೇ ಸೇರಿಸಬಹುದಾದ್ದರಿಂದ ಒಟ್ಟು ಸಾಲ 3,57,525 ಡಾಲರ್. ಶೇ. 6.5ರ ಬಡ್ಡಿಗೆ 30 ವರ್ಷದ ಕಂತು ತಿಂಗಳಿಗೆ ಸುಮಾರು 2,260 ಡಾಲರ್.

ಕುಟುಂಬದ ತಿಂಗಳ ಆದಾಯ 7,000 ಡಾಲರ್, ತೆರಿಗೆಗಳು 1,000, ಮನೆಯ ಆಸ್ತಿ ತೆರಿಗೆ ಮತ್ತು ವಿಮೆ 450, ಕಾರಿನ ಕಂತು 450 ಎಂದಿಟ್ಟುಕೊಳ್ಳೋಣ. ಕಂತುಗಳು ಮತ್ತು ಮನೆಯ ತೆರಿಗೆ ವಿಮೆ ಸೇರಿ 3,160 ಡಾಲರ್, ಅಂದರೆ ಆದಾಯದ ಸುಮಾರು ಶೇ. 45. ಶೇ. 41ರ ಗೆರೆ ದಾಟಿತು. ಆದರೆ ನಿರ್ವಹಣೆ, ವಿದ್ಯುತ್ತು, ನೀರಿಗೆಂದು ಇಲಾಖೆ ಚದರಡಿಗೆ 14 ಸೆಂಟ್‌ನಂತೆ ಹಿಡಿಯುವ 252 ಡಾಲರನ್ನೂ ಕಳೆದರೆ ಉಳಿಯುವುದು 2,588 ಡಾಲರ್. ಬೇಕಾದ 1,003ಕ್ಕಿಂತ ಇದು ಬಹಳ ಹೆಚ್ಚು. ಉಳಿಕೆ ಕೋಷ್ಟಕಕ್ಕಿಂತ ಶೇ. 20ರಷ್ಟಾದರೂ ಜಾಸ್ತಿಯಿದ್ದರೆ ಶೇ. 41ರ ಮಿತಿ ಮೀರಿದ ಅರ್ಜಿಯನ್ನೂ ಒಪ್ಪಲು ಅವಕಾಶವಿದೆ. ಇದೇ ಕುಟುಂಬದಲ್ಲಿ ಸೈನಿಕರಿಗೆ ಅಂಗವೈಕಲ್ಯ ಪರಿಹಾರ ಬರುತ್ತಿದ್ದರೆ 7,525 ಡಾಲರಿನ ಶುಲ್ಕವೇ ಇರುವುದಿಲ್ಲ.

ಮನೆಯ ಪರಿಶೀಲನೆ

ಖಾತರಿ ಕೊಡುವ ಮೊದಲು ಇಲಾಖೆ ತನ್ನ ಪಟ್ಟಿಯಲ್ಲಿರುವ ಮೌಲ್ಯಮಾಪಕರನ್ನು ಕಳಿಸುತ್ತದೆ. ಬೆಲೆ ನ್ಯಾಯವೇ ಎಂಬುದರ ಜೊತೆಗೆ ಮನೆ ವಾಸಕ್ಕೆ ಯೋಗ್ಯವೇ ಎಂದೂ ಅವರು ನೋಡಬೇಕು. ಸೋರುವ ಸೂರು, ಕೆಟ್ಟ ಹೀಟರು, ಕುಡಿಯಲಾಗದ ಬಾವಿನೀರು, ಗೆದ್ದಲು ಹಿಡಿದ ಮರ, 1978ಕ್ಕಿಂತ ಹಿಂದಿನ ಮನೆಗಳಲ್ಲಿ ಸುಲಿದು ಬರುವ ಸೀಸದ ಬಣ್ಣ ಇವೆಲ್ಲ ದುರಸ್ತಿಯಾಗದೆ ಸಾಲ ಮುಂದುವರಿಯುವುದಿಲ್ಲ. ನಿಗದಿಯಾದ ಮೌಲ್ಯ ಒಪ್ಪಿಕೊಂಡ ಬೆಲೆಗಿಂತ ಕಡಿಮೆ ಬಂದರೆ ಕೊಳ್ಳುವವರು ಮುಂಗಡ ಕಳೆದುಕೊಳ್ಳದೆ ಕರಾರಿನಿಂದ ಹೊರಬರಬಹುದು. ಮನೆ ಸ್ವಂತ ವಾಸಕ್ಕೇ ಇರಬೇಕು. ಸಾಮಾನ್ಯವಾಗಿ 60 ದಿನದೊಳಗೆ ಒಕ್ಕಲು ಹೋಗಬೇಕು. ನಾಲ್ಕು ಮನೆಗಳವರೆಗಿನ ಕಟ್ಟಡ ಕೊಂಡು, ಒಂದರಲ್ಲಿ ತಾವಿದ್ದು ಮಿಕ್ಕವನ್ನು ಬಾಡಿಗೆಗೆ ಕೊಡಲು ಅಡ್ಡಿಯಿಲ್ಲ.

ಕೊಳ್ಳುವವರನ್ನು ಕಾಯುವ ಈ ನಿಯಮಗಳು ಪೈಪೋಟಿಯ ಮಾರುಕಟ್ಟೆಯಲ್ಲಿ ಅವರಿಗೇ ತೊಡಕಾಗುವುದುಂಟು. ಒಂದೇ ಮನೆಗೆ ಹತ್ತು ಜನ ಕಾದಿರುವಾಗ ಮಾರುವವರು ದುರಸ್ತಿಯ ತಕರಾರಿಲ್ಲದ ನಗದು ಗಿರಾಕಿಯನ್ನು ಆರಿಸಿಕೊಳ್ಳುತ್ತಾರೆ. ಎಷ್ಟೋ ದಲ್ಲಾಳಿಗಳು ವಿಎ ಸಾಲವೆಂದರೆ ತಡವಾಗುತ್ತದೆಂಬ ಹಳೆಯ ನಂಬಿಕೆಯನ್ನು ಇನ್ನೂ ಬಿಟ್ಟಿಲ್ಲ. ಕೊಳ್ಳುವವರು ತಮ್ಮ ದಲ್ಲಾಳಿಗೆ ತಾವೇ ಕಮಿಷನ್ ಕೊಡಬಾರದೆಂಬ ನಿಯಮವೂ ಒಂದು ಕಾಲಕ್ಕೆ ರಕ್ಷಣೆಯಾಗಿತ್ತು. 2024ರಲ್ಲಿ ಅಮೆರಿಕದ ಕಮಿಷನ್ ಪದ್ಧತಿಯೇ ಬದಲಾದಾಗ ಅದು ಅಡ್ಡಿಯಾಗತೊಡಗಿತು. ಇಲಾಖೆ ಆಗಸ್ಟ್ 10ರಿಂದ ಅದನ್ನು ಸಡಿಲಿಸಿತು.

ಬೆಲೆ, ಬಡ್ಡಿ ಮತ್ತು ಕೈಗೆಟುಕುವಿಕೆ

ಆದಾಯದ ಶೇ. 30ರೊಳಗೆ ವಸತಿಯ ಖರ್ಚು ಮುಗಿದರೆ ಅದು ಕೈಗೆಟುಕುವ ವಸತಿ ಎಂಬುದು ಅಮೆರಿಕದ ರೂಢಿಯ ಅಳತೆ. ಈಚಿನ ವರ್ಷಗಳಲ್ಲಿ ಈ ಗೆರೆಯೊಳಗೆ ಉಳಿಯುವುದು ಕಷ್ಟವಾಗಿದೆ. 30 ವರ್ಷದ ಸಾಲದ ಸರಾಸರಿ ಬಡ್ಡಿ 2021ರ ಜನವರಿಯಲ್ಲಿ ಶೇ. 2.65ರ ತಳ ಮುಟ್ಟಿ, 2023ರ ಅಕ್ಟೋಬರಿನಲ್ಲಿ ಶೇ. 7.79ಕ್ಕೆ ಏರಿತು. 4,00,000 ಡಾಲರ್ ಸಾಲಕ್ಕೆ ಶೇ. 3ರಲ್ಲಿ ತಿಂಗಳ ಕಂತು ಸುಮಾರು 1,686 ಡಾಲರಾದರೆ ಶೇ. 7ರಲ್ಲಿ 2,661 ಡಾಲರ್. ಬಡ್ಡಿ ಏರಿದರೂ ಮನೆಗಳ ಬೆಲೆ ಇಳಿಯಲಿಲ್ಲ. ಕಡಿಮೆ ಬಡ್ಡಿಯ ಸಾಲವಿದ್ದವರು ಮನೆ ಮಾರಲು ಮುಂದಾಗದೆ ಉಳಿದರು. ಮಾರಾಟಕ್ಕೆ ಬರುವ ಮನೆಗಳೇ ಕಡಿಮೆಯಾದವು. ಊರಿನ ಬಹುಭಾಗದಲ್ಲಿ ಒಂಟಿ ಕುಟುಂಬದ ಮನೆಗಳನ್ನು ಮಾತ್ರ ಕಟ್ಟಬೇಕೆಂಬ ವಲಯ ನಿಯಮಗಳೂ ಹೊಸ ಮನೆಗಳ ಸಂಖ್ಯೆಯನ್ನು ಹಿಡಿದಿಟ್ಟಿವೆ.

ಕೈಹಣವಿಲ್ಲದ ಸಾಲದ ಮಿತಿ ಗೋಚರಿಸುವುದು ಇಲ್ಲೇ. ವಿಎ ಖಾತರಿ ಮನೆಯ ಹೊಸಿಲು ದಾಟಲು ಬೇಕಾದ ಉಳಿತಾಯದ ಅಡ್ಡಿಯನ್ನು ತೆಗೆಯುತ್ತದೆ. ಮನೆಯ ಬೆಲೆಯನ್ನು ಒಂದು ಡಾಲರೂ ಇಳಿಸುವುದಿಲ್ಲ. ಪೂರ್ತಿ ಬೆಲೆಗೆ ಸಾಲ ಮಾಡಿದವರ ಕಂತು ದೊಡ್ಡದು. ಮೊದಲ ವರ್ಷಗಳಲ್ಲಿ ಮನೆಯಲ್ಲಿ ಅವರ ಸ್ವಂತ ಪಾಲು ತೀರಾ ಚಿಕ್ಕದು. ಸೈನಿಕರಿಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತದೆ. ಬೆಲೆ ಇಳಿದ ಹೊತ್ತಿಗೆ ವರ್ಗದ ಆದೇಶ ಬಂದರೆ ಮಾರಿದ ಹಣದಲ್ಲಿ ಸಾಲವೂ ಮಾರಾಟದ ಖರ್ಚೂ ತೀರದೆ ಕೈಯಿಂದ ತುಂಬಬೇಕಾಗುತ್ತದೆ. ಸ್ಯಾನ್ ಡಿಯಾಗೊ, ಹವಾಯಿಯ ಹೊನೊಲುಲುಗಳಂಥ ದುಬಾರಿ ನೌಕಾನೆಲೆಗಳಲ್ಲಿ ತೆರಿಗೆಯಿಲ್ಲದ ಬಾಡಿಗೆ ಭತ್ಯೆ ಆದಾಯದ ಲೆಕ್ಕಕ್ಕೆ ಸೇರಿದರೂ ಕೆಳದರ್ಜೆಯವರಿಗೆ ಮನೆ ದೂರವೇ ಉಳಿಯುತ್ತದೆ. ಫಯೆಟ್‌ವಿಲ್, ಟೆಕ್ಸಸ್‌ನ ಕಿಲೀನ್, ಸ್ಯಾನ್ ಆಂಟೊನಿಯೊಗಳಂಥ ಊರುಗಳಲ್ಲಿ ಇದೇ ಸಾಲ ಕಿರಿಯ ದರ್ಜೆಯವರಿಗೂ ಒದಗುತ್ತದೆ.

ಏರಿದ ಬಡ್ಡಿಯ ಕಾಲದಲ್ಲಿ ವಿಎ ಸಾಲದ ಇನ್ನೊಂದು ಗುಣಕ್ಕೆ ಬೆಲೆ ಬಂದಿದೆ. ಮನೆ ಮಾರುವಾಗ ಹಳೆಯ ಸಾಲವನ್ನು ಅದೇ ಬಡ್ಡಿಯಲ್ಲಿ ಕೊಳ್ಳುವವರ ಹೆಸರಿಗೆ ವರ್ಗಾಯಿಸಬಹುದು. ಕೊಳ್ಳುವವರು ಮಾಜಿ ಸೈನಿಕರೇ ಆಗಿರಬೇಕಿಲ್ಲ. 1988ರ ಮಾರ್ಚ್ 1ರಿಂದೀಚಿನ ಸಾಲಗಳಿಗೆ ಇದಕ್ಕೆ ಅನುಮೋದನೆ ಬೇಕು. ಆದರೆ ಸಾಮಾನ್ಯ ನಾಗರಿಕರು ವಹಿಸಿಕೊಂಡರೆ ಆ ಸಾಲ ತೀರುವವರೆಗೆ ಮಾರಿದ ಸೈನಿಕರ ಅರ್ಹತೆಯ ಅಷ್ಟು ಭಾಗ ಅಲ್ಲೇ ಸಿಕ್ಕಿಕೊಂಡಿರುತ್ತದೆ.

ಕಂತು ತಪ್ಪಿದಾಗ

2008ರ ಆಸುಪಾಸಿನ ಸಾಲ ಬಿಕ್ಕಟ್ಟಿನಲ್ಲಿ ಕೈಹಣವಿಲ್ಲದ ವಿಎ ಸಾಲಗಳು ಇತರ ಅನೇಕ ಬಗೆಯ ಸಾಲಗಳಿಗಿಂತ ಚೆನ್ನಾಗಿ ತಡೆದು ನಿಂತವು. ಉಳಿಕೆ ಆದಾಯದ ಪರೀಕ್ಷೆಯೂ, ತೊಂದರೆಯಲ್ಲಿರುವ ಸಾಲಗಾರರನ್ನು ಇಲಾಖೆಯ ಸಿಬ್ಬಂದಿ ಸಂಪರ್ಕಿಸಿ ಬ್ಯಾಂಕಿನೊಡನೆ ಮಾತಾಡುವ ಪದ್ಧತಿಯೂ ಇದಕ್ಕೆ ಕಾರಣವೆಂದು ಅಧ್ಯಯನಕಾರರು ಹೇಳುತ್ತಾರೆ.

ಸಾಲಗಾರರನ್ನು ಸುಲಿಯುವ ಯತ್ನಗಳೂ ನಡೆದಿವೆ. ಹಳೆಯ ಸಾಲವನ್ನು ಹೊಸ ಸಾಲಕ್ಕೆ ಬದಲಿಸಿಕೊಳ್ಳಿ ಎಂದು ಮತ್ತೆ ಮತ್ತೆ ಪುಸಲಾಯಿಸಿ, ಪ್ರತಿಸಲವೂ ಶುಲ್ಕ ವಸೂಲಿ ಮಾಡುವ ದಂಧೆ ಬೆಳೆದಾಗ 2018ರ ಕಾಯಿದೆ ಅದಕ್ಕೆ ಕಡಿವಾಣ ಹಾಕಿತು. ಬದಲಾವಣೆಯ ಖರ್ಚು 36 ತಿಂಗಳೊಳಗೆ ಕಂತಿನ ಉಳಿತಾಯದಿಂದ ಮರಳಬೇಕು, ಸಾಲಗಾರರಿಗೆ ಕಣ್ಣಿಗೆ ಕಾಣುವ ಲಾಭವಿರಬೇಕು ಎಂದು ವಿಧಿಸಿತು.

ಕೋವಿಡ್ ಕಾಲದಲ್ಲಿ ಕಂತು ಮುಂದೂಡಿಕೊಂಡವರನ್ನು ಕಾಪಾಡುವ ವ್ಯವಸ್ಥೆ ಮಾತ್ರ ತುಂಡುತುಂಡಾಯಿತು. ಬಾಕಿ ಕಂತುಗಳನ್ನು ಸಾಲದ ಕೊನೆಗೆ ಸರಿಸುವ ಯೋಜನೆ 2022ರ ಅಕ್ಟೋಬರಿನಲ್ಲಿ ನಿಂತಿತು. 2023ರ ನವೆಂಬರಿನಲ್ಲಿ ಇಲಾಖೆ ಹರಾಜುಗಳನ್ನು ತಡೆಹಿಡಿಯುವಂತೆ ಬ್ಯಾಂಕುಗಳನ್ನು ಕೇಳಿಕೊಳ್ಳಬೇಕಾಯಿತು. 2024ರ ಮೇ 31ರಂದು ತೊಡಗಿದ ಸಾಲ ಖರೀದಿ ಯೋಜನೆಯಲ್ಲಿ ಇಲಾಖೆಯೇ ಸಾಲ ಕೊಂಡು ಕಡಿಮೆ ಬಡ್ಡಿಗೆ ಮುಂದುವರಿಸುತ್ತಿತ್ತು. ಅದು 2025ರ ಮೇ 1ರಂದು ಮುಚ್ಚಿತು. ಬಾಕಿಯನ್ನು ಬಡ್ಡಿಯ ಸಾಲದಿಂದ ಬೇರ್ಪಡಿಸಿ ಮನೆ ಮಾರುವವರೆಗೆ ಮುಂದೂಡುವ ಹೊಸ ಕಾಯಿದೆಗೆ 2025ರ ಜುಲೈ 30ರಂದು ಅಂಕಿತ ಬಿತ್ತು. ಒಂದು ನೆರವು ಮುಚ್ಚಿ ಇನ್ನೊಂದು ತೆರೆಯುವ ನಡುವಣ ತಿಂಗಳುಗಳಲ್ಲಿ ಕಂತು ತಪ್ಪಿದವರು ತಮ್ಮ ತಪ್ಪಿಲ್ಲದೆ ಹರಾಜಿನ ಅಂಚಿಗೆ ಬಂದರು.

ಪೂರಕ ಯೋಜನೆಗಳು

ತೀವ್ರ ಅಂಗವೈಕಲ್ಯವುಳ್ಳವರು ಗಾಲಿಕುರ್ಚಿಗೆ ಹೊಂದುವ ಬಾಗಿಲು, ಇಳಿಜಾರು, ಬಚ್ಚಲು ಮಾಡಿಸಿಕೊಳ್ಳಲು ಒಂದು ಲಕ್ಷ ಡಾಲರಿಗೂ ಹೆಚ್ಚಿನ ಅನುದಾನ ಪಡೆಯಬಹುದು, ಇದನ್ನು ಮರಳಿಸಬೇಕಿಲ್ಲ. ರಾಜ್ಯಗಳಿಗೂ ತಮ್ಮವೇ ಯೋಜನೆಗಳಿವೆ. ಕ್ಯಾಲಿಫೋರ್ನಿಯಾದ್ದು 1921ರಷ್ಟು ಹಳೆಯದು. ಟೆಕ್ಸಸ್ 1946ರಲ್ಲಿ ಮಾಜಿ ಸೈನಿಕರ ಭೂಮಂಡಳಿ ಸ್ಥಾಪಿಸಿತು. ಮನೆಯಿಲ್ಲದೆ ಬೀದಿಯಲ್ಲಿರುವ ಮಾಜಿ ಸೈನಿಕರಿಗೆ ಬಾಡಿಗೆ ನೆರವನ್ನೂ ಚಿಕಿತ್ಸೆ, ಸಮಾಲೋಚನೆಗಳನ್ನೂ ಒಟ್ಟಿಗೆ ಕೊಡುವ ಜಂಟಿ ಕಾರ್ಯಕ್ರಮ 2008ರಿಂದ ದೊಡ್ಡದಾಗಿ ಬೆಳೆದಿದೆ. ವಾರ್ಷಿಕ ಎಣಿಕೆಯಲ್ಲಿ 2010ರಲ್ಲಿ ಸುಮಾರು 74,000 ಇದ್ದ ವಸತಿಹೀನ ಮಾಜಿ ಸೈನಿಕರ ಸಂಖ್ಯೆ 2024ರಲ್ಲಿ 32,882ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ದೇಶದ ಒಟ್ಟು ವಸತಿಹೀನರ ಸಂಖ್ಯೆ ಏರಿರುವಾಗ ಈ ಇಳಿಕೆ ಗಮನಾರ್ಹ.

ಇತರ ದೇಶಗಳಲ್ಲಿ

ಆಸ್ಟ್ರೇಲಿಯಾ 1918ರಲ್ಲಿಯೇ ಯುದ್ಧಸೇವಕರ ಮನೆಗಳ ಕಾಯಿದೆ ತಂದಿತು. ಕೆನಡಾ 1942ರ ಭೂ ಕಾಯಿದೆಯಿಂದ ಜಮೀನು ಮತ್ತು ಮನೆಗೆ ನೆರವಾಯಿತು. ಬ್ರಿಟನ್ 2014ರಿಂದ ಸೇವೆಯಲ್ಲಿರುವವರಿಗೆ ವಾರ್ಷಿಕ ಸಂಬಳದ ಅರ್ಧದವರೆಗೆ, ಗರಿಷ್ಠ 25,000 ಪೌಂಡ್, ಬಡ್ಡಿಯಿಲ್ಲದ ಸಾಲ ಕೊಡುತ್ತಿದೆ. ಭಾರತ ಹಿಡಿದದ್ದು ಮನೆಗಳನ್ನೇ ಕಟ್ಟಿಕೊಡುವ ದಾರಿ. 1978ರಲ್ಲಿ ಸ್ಥಾಪನೆಯಾದ ಸೇನಾ ಕಲ್ಯಾಣ ವಸತಿ ಸಂಸ್ಥೆ ಲಾಭನಷ್ಟವಿಲ್ಲದೆ, ಸದಸ್ಯರು ಕಂತಿನಲ್ಲಿ ಕಟ್ಟುವ ಹಣದಿಂದಲೇ ನಗರಗಳಲ್ಲಿ ಬಡಾವಣೆ ನಿರ್ಮಿಸಿ ಹಂಚುತ್ತದೆ. ಬೆಂಗಳೂರಿನ ಕಮ್ಮನಹಳ್ಳಿಯ ಸೇನಾ ವಿಹಾರ ಅಂಥದೊಂದು. ಸಮೀಪದ ಜಲವಾಯು ವಿಹಾರ ವಾಯುಪಡೆ ಮತ್ತು ನೌಕಾಪಡೆಗಳ ವಸತಿ ಮಂಡಳಿಯದು. ಅಮೆರಿಕದ ಪದ್ಧತಿಯಲ್ಲಿ ಊರು, ಮನೆಗಳ ಆಯ್ಕೆ ಸೈನಿಕರದೇ. ಭಾರತದ ಪದ್ಧತಿಯಲ್ಲಿ ಮನೆಗಳ ಸಂಖ್ಯೆಯೇ ಹೆಚ್ಚುತ್ತದೆ.

ಮೌಲ್ಯವಿವೇಚನೆ

ಎಂಬತ್ತು ವರ್ಷಗಳ ಅನುಭವದಿಂದ ಕೆಲವು ಸಂಗತಿಗಳು ಸ್ಪಷ್ಟವಾಗಿವೆ. ಉಳಿತಾಯವಿಲ್ಲದಿದ್ದರೂ ಸ್ಥಿರ ಆದಾಯವಿರುವ ಕುಟುಂಬವನ್ನು ನಂಬಿ ಸಾಲ ಕೊಡಬಹುದು. ಕೈಯಲ್ಲಿ ನಿಜಕ್ಕೂ ಎಷ್ಟು ಉಳಿಯುತ್ತದೆಂದು ನೋಡಿ ಕೊಟ್ಟರೆ ಆ ನಂಬಿಕೆ ಹುಸಿಹೋಗುವುದು ಅಪರೂಪ. ಸೈನಿಕರಲ್ಲದ ಬಡ ಕುಟುಂಬಗಳಿಗೆ ವಸತಿ ನೀತಿ ರೂಪಿಸುವವರೂ ಕಲಿಯಬೇಕಾದ ಪಾಠವಿದು. ಖಾತರಿ ಫಲ ಕೊಟ್ಟದ್ದು ಮನೆಗಳು ಭರದಿಂದ ಎದ್ದ ಕಾಲದಲ್ಲಿ. ಮನೆಗಳೇ ಸಾಲದ ಕಾಲದಲ್ಲಿ ಸಾಲದ ಸೌಲಭ್ಯ ಪೈಪೋಟಿಗೆ ಇಂಧನವಾಗುವ ಅಪಾಯವಿದೆ. ಆದ್ದರಿಂದ ಗೃಹನಿರ್ಮಾಣವಿಲ್ಲದ ಸಾಲನೀತಿ ಅರ್ಧ ನೀತಿ.

ಕಾಯಿದೆ ಎಷ್ಟೇ ಉದಾರವಾಗಿದ್ದರೂ ಅದರ ಜಾರಿಯನ್ನು ಪೂರ್ವಗ್ರಹದ ಕೈಗೆ ಒಪ್ಪಿಸಿದರೆ ಅದು ಅಸಮಾನತೆಯನ್ನೇ ಬೆಳೆಸುತ್ತದೆ. 1947ರ ಮಿಸಿಸಿಪಿಯಲ್ಲಿ ಸಾಲ ಸಿಗದ ಸೈನಿಕರೂ ಸಾಲ ಸಿಕ್ಕ ಸೈನಿಕರೂ ಒಂದೇ ಯುದ್ಧದಲ್ಲಿ ಹೋರಾಡಿದ್ದರು. ಅವರಲ್ಲಿ ಬಹುಮಂದಿ ಈಗ ಬದುಕಿಲ್ಲ. ಅವರಿಗೆ ತಪ್ಪಿದ ಆಸ್ತಿಯನ್ನು ಮಕ್ಕಳು ಮೊಮ್ಮಕ್ಕಳಿಗಾದರೂ ತುಂಬಿಕೊಡಬೇಕೆಂದು ಕೋರುವ ಮಸೂದೆಗಳು ಈಚೆಗೆ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಬಂದಿವೆ. ಸಾಲದ ಖಾತರಿ ಸೈನಿಕರಿಗೆ ಮಾಡುವ ಉಪಕಾರವಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಋಣ. ಆ ಋಣದ ಒಂದು ಪಾಲು ಇನ್ನೂ ಬಾಕಿಯಿದೆ.